ಸಾಹುಕಾರರ ಭೂಪಟ

ಯಾವ ಉಪಯೋಗಕ್ಕೂ ಬಾರದ ವಿದ್ಯೆಯೊಂದು ನನಗೆ ಕರಗತವಾಗಿದೆ. ನಮ್ಮ ದೇಶದ ಯಾವ ರಾಜ್ಯದ, ಯಾವ ಕೇಂದ್ರಾಡಳಿತ ಪ್ರದೇಶದ ಹೆಸರು ಹೇಳಿದರೂ ಅದರ ರಾಜಧಾನಿಯನ್ನು ನಿದ್ದೆಗಣ್ಣಿನಲ್ಲೇ ಹೇಳಬಲ್ಲೆ. ಕೊಹಿಮಾ, ಅಗರ್ತಲಾ, ಪೋರ್ಟ್ ಬ್ಲೇರ್! ಒಂದನ್ನೂ ನಾನು ಕಂಡಿಲ್ಲ. ಅಗರ್ತಲಾದವರು ನಮ್ಮ ಸಾಗರದ ಬಸ್ ಸ್ಟ್ಯಾಂಡನ್ನು ಕಂಡಿಲ್ಲವಾದ್ದರಿಂದ ಲೆಕ್ಕ ಸರಿಹೋಯಿತು.

ಹಾಗೆ ನೋಡಿದರೆ, ರಾಜಧಾನಿಗಳ ವಿಷಯದಲ್ಲಿ ನಮ್ಮ ಸೀಮೆಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಬೇರೆಡೆ ರಾಜಧಾನಿ ಕೂತಲ್ಲಿ ಕೂತಿರುತ್ತದೆ. ನಮ್ಮಲ್ಲಿ ಅದಕ್ಕೆ ಕಾಲಿದೆ. ಕೆಳದಿಯಲ್ಲಿ ಹೊರಟು ಇಕ್ಕೇರಿಗೆ ಬಂತು, ಅಲ್ಲಿಂದ ಬಿದನೂರಿಗೆ ನಡೆಯಿತು. ಬಿದನೂರಿನ ಹೆಸರೇ ನಗರ ಎಂದಾಯಿತು. ರಾಜರು ಹೋದ ಎಷ್ಟೋ ಕಾಲದ ಮೇಲೆ, ಅಲ್ಲಿ ಉಳಿದಿದ್ದ ತಾಲ್ಲೂಕು ಕಚೇರಿಗೂ ಬೇಸರ ಬಂದು, ಗಂಟುಮೂಟೆ ಕಟ್ಟಿಕೊಂಡು ಕಲ್ಲೂರುಕಟ್ಟೆಗೆ ಹೋಯಿತು. ಆ ಊರಿಗೆ ಹೊಸನಗರ ಎಂದು ಹೆಸರಿಟ್ಟರು. ಅಮಲ್ದಾರರು ಎಲ್ಲಿ ಮೇಜು ಹಾಕುತ್ತಾರೋ ಅದೇ ನಗರ ಎಂಬ ದಿವ್ಯಜ್ಞಾನ ನಮಗೆ ಆಗಲೇ ಆಗಿತ್ತು.

ನನ್ನ ವಿದ್ಯೆ ಪರೀಕ್ಷೆಗೆ ಬಿದ್ದದ್ದು ತೀರ್ಥಹಳ್ಳಿ ಹತ್ತಿರದ ಒಂದು ಖಾಸಗಿ ಹೈಸ್ಕೂಲಿನಲ್ಲಿ, ಭೂಗೋಳದ ಮೇಷ್ಟರ ಕೆಲಸಕ್ಕೆ. ಶರಾವತಿಗೆ ಅಣೆಕಟ್ಟು ಕಟ್ಟಿ ನಮ್ಮ ಊರು, ಮನೆ, ಗದ್ದೆ ಎಲ್ಲ ನೀರಿನಡಿ ಹೋಗಿದ್ದ ಕಾಲ. ನಾಡಿಗೆಲ್ಲ ದೀಪ ಹಚ್ಚಿದ ಪುಣ್ಯ ಕಟ್ಟಿಕೊಂಡ ಅಪ್ಪ ಅಮ್ಮ ಹೊಸನಗರದಲ್ಲಿ ನೆಂಟರ ಜಗಲಿಯಲ್ಲಿದ್ದರು. ಪುಣ್ಯವನ್ನು ಅಕ್ಕಿಯ ಹಾಗೆ ಬೇಯಿಸಲು ಬರುವುದಿಲ್ಲ. ಈ ಕೆಲಸ ಸಿಕ್ಕರೆ ಅವರಿಗೊಂದು ಬಾಡಿಗೆ ಮನೆ. ಸಿಗದಿದ್ದರೆ ಅದೇ ಜಗಲಿ, ನೆಂಟರ ಅದೇ ಮುಖ.

ಶಾಲಾ ಸಮಿತಿಯ ಅಧ್ಯಕ್ಷರು ಅಡಿಕೆ ಸಾಹುಕಾರರು. ಅವರ ಬೆನ್ನಿಗೆ ಗೋಡೆಯ ಮೇಲೆ ಎರಡು ಭೂಪಟಗಳು, ಒಂದು ದೇಶದ್ದು, ಒಂದು ಜಿಲ್ಲೆಯದು. ಎರಡೂ ಅವರದೇ ದಾನ. ಅಂಚಿನಲ್ಲಿ ಬರೆಸಿದ್ದ ಅವರ ಹೆಸರು ದೇಶದ ಹೆಸರಿಗಿಂತ ದಪ್ಪಕ್ಷರದಲ್ಲಿತ್ತು.

“ಗೋವಾ ಯಾರದ್ದು?” ಎಂದರು.

“ನಮ್ಮದೇ ಸಾರ್. ಕೇಂದ್ರಾಡಳಿತ ಪ್ರದೇಶ. ರಾಜಧಾನಿ ಪಣಜಿ.”

ಸಾಹುಕಾರರು ಹಿಂದಿರುಗಿ ನೋಡಿದರು. ಭೂಪಟದಲ್ಲಿ ಗೋವಾ ಇನ್ನೂ ಪೋರ್ಚುಗೀಸರ ಹಳದಿ ಬಣ್ಣದಲ್ಲಿತ್ತು.

“ಇಲ್ಲಿ ಹಳದಿ ಇದೆಯಲ್ಲ ಮಾರಾಯ್ರೆ?”

“ಭೂಪಟ ಹಳೇದು ಸಾರ್.”

ಪಕ್ಕದಲ್ಲಿ ಕೂತಿದ್ದ ಹೆಡ್‌ಮಾಸ್ಟರು ಸೂರಿನ ಹೆಂಚು ಎಣಿಸತೊಡಗಿದರು. ಬುದ್ಧಿ ಇದ್ದವನಾದರೆ ಅಲ್ಲಿಗೆ ಬಾಯಿ ಮುಚ್ಚಬೇಕಿತ್ತು. ಪಂಜಾಬಿನ ರಾಜಧಾನಿ ಕೇಳಿದರೆ, ಚಂಡೀಗಢ ಎಂದು ಸುಮ್ಮನಾಗದೆ, ಹರಿಯಾಣಕ್ಕೂ ಅದೇ ರಾಜಧಾನಿ, ಆದರೆ ಅದು ಇಬ್ಬರದ್ದೂ ಅಲ್ಲ, ಕೇಂದ್ರದ್ದು ಎಂದೆ.

“ಎರಡು ಸಂಸಾರಕ್ಕೆ ಒಂದೇ ಅಡುಗೆಮನೆ, ಅದೂ ಮೂರನೆಯವ್ರದ್ದು! ಎಂತ ಹೇಳ್ತೀರಿ ಮಾರಾಯ್ರೆ? ಆ ಹರಿಯಾಣ ಎಲ್ಲಿದೆ ಇದ್ರಲ್ಲಿ?”

“ಈಚೆಗೆ ಆದದ್ದು ಸಾರ್. ಪೇಪರಿನಲ್ಲಿ ಬಂದಿತ್ತು.”

“ಪೇಪರ್ ದಿನಕ್ಕೊಂದು ಹೇಳ್ತದೆ. ಭೂಪಟದಲ್ಲಿ ಇಲ್ಲದ್ದು ಭೂಮಿ ಮೇಲೆ ಇರ್ತದಾ?”

ಇದಕ್ಕೆ ಉತ್ತರ ಕೊಡಬಲ್ಲ ಭೂಗೋಳಶಾಸ್ತ್ರಜ್ಞ ಇನ್ನೂ ಹುಟ್ಟಿಲ್ಲ. ಕೆಲಸ ಕೈತಪ್ಪಿತು ಎಂದುಕೊಂಡೆ. ಅಪ್ಪನಿಗೆ ಏನು ಹೇಳುವುದೆಂದು ಯೋಚಿಸತೊಡಗಿದೆ.

“ಹೋಗ್ಲಿ, ನಿಮ್ಮೂರು ಯಾವ್ದು?”

“ಮುತ್ತಲಬೈಲು ಸಾರ್, ಶರಾವತಿ ದಡದಲ್ಲಿ. ಆದ್ರೆ ಈಗ...”

ಅಷ್ಟರಲ್ಲಿ ಅವರು ಎದ್ದು ಕನ್ನಡಕ ಏರಿಸಿ, ಜಿಲ್ಲೆಯ ಭೂಪಟದ ಮೇಲೆ ನದಿಗುಂಟ ಬೆರಳು ಓಡಿಸುತ್ತಿದ್ದರು. ಬೆರಳು ಒಂದು ಕಡೆ ನಿಂತಿತು.

“ಇದೆಯಲ್ಲ! ಬನ್ನಿ, ನೋಡಿ. ಇದೂ ಹಳೇದು ಅಂತೀರಾ?”

ಹತ್ತಿರ ಹೋಗಿ ನೋಡಿದೆ. ನೂಲಿನಂಥ ನೀಲಿ ಹೊಳೆ, ಅದರ ದಡದಲ್ಲಿ ಒಂದು ಚುಕ್ಕೆ, ಪಕ್ಕದಲ್ಲಿ ಅಚ್ಚಿನ ಅಕ್ಷರದಲ್ಲಿ ನಮ್ಮೂರು. ನೀರು ಇನ್ನೂ ಅಲ್ಲಿಗೆ ಬಂದಿರಲಿಲ್ಲ.

“ಇಲ್ಲ ಸಾರ್,” ಎಂದೆ. “ಇದು ಸರಿಯಾಗೇ ಇದೆ.”

ಕೆಲಸ ಸಿಕ್ಕಿತು. ಅಂದು ನಾನು ಕೊಟ್ಟ ಒಂದೇ ಒಂದು ತಪ್ಪು ಉತ್ತರಕ್ಕೆ.