ನಲ್ಲಿ ಕಂಪನಿಯ ಸಹಿಗಳು

ತಕಾಓಕಾ ಊರಿನ ಕುರೊಬಾನೆ ನಲ್ಲಿ ಕಂಪನಿಯಲ್ಲಿ ಯಾರು ಎಷ್ಟು ದೊಡ್ಡ ಮನುಷ್ಯ ಎಂದು ತಿಳಿಯಲು ಅವರ ಕುರ್ಚಿ ನೋಡಬೇಕಾಗಿರಲಿಲ್ಲ, ಕಾರೂ ನೋಡಬೇಕಾಗಿರಲಿಲ್ಲ. ಅವರಿಂದ ಒಂದು ಇಮೇಲ್ ತರಿಸಿಕೊಂಡು ಅದರ ಬಾಲ ನೋಡಿದರೆ ಸಾಕಿತ್ತು. ಹೆಸರು, ಹುದ್ದೆ, ವಿಭಾಗ, ಫೋನು, ಫ್ಯಾಕ್ಸು. ಮೇಲೊಂದು ಗೆರೆ, ಕೆಳಗೊಂದು ಗೆರೆ. ಸಾಮಾನ್ಯ ನೌಕರನಿಗೆ ಚುಕ್ಕೆಚುಕ್ಕೆ ಗೆರೆ. ಸೆಕ್ಷನ್ ಮುಖ್ಯಸ್ಥನಿಗೆ ಒಂಟಿ ಗೆರೆ. ವಿಭಾಗದ ಮುಖ್ಯಸ್ಥನಿಗೆ ಜೋಡಿ ಗೆರೆ. ನಿರ್ದೇಶಕರಾದರೆ ಇದ್ದಿಲಿನಲ್ಲಿ ಎಳೆದ ಹಾಗೆ ದಪ್ಪ ಗೆರೆ. ಇದನ್ನು ಯಾವ ಕಾಯಿದೆಯೂ ಹೇಳಿರಲಿಲ್ಲ. ಹಿಂದಿನ ಅಧ್ಯಕ್ಷರು ಒಂದು ದಿನ ಚಹಾ ಕುಡಿಯುತ್ತಾ, "ಎಲ್ಲರದ್ದೂ ಒಂದೇ ಥರ ಇದ್ರೆ ಹೇಗಮ್ಮ?" ಎಂದಿದ್ದರು. ಆಡಳಿತ ವಿಭಾಗದ ಶಿಬುಕಾವ ಮಿತ್ಸುಯೊ ಅದನ್ನು ಆಜ್ಞೆ ಎಂದುಕೊಂಡು ಮಧ್ಯಾಹ್ನದೊಳಗೆ ನಾಲ್ಕು ಥರದ ಗೆರೆ ಮಾಡಿಟ್ಟಿದ್ದಳು. ಇಪ್ಪತ್ತು ವರ್ಷ ಆ ಗೆರೆಗಳೇ ಕಂಪನಿಯನ್ನು ಆಳಿದವು.

ಮಾರಾಟದ ಓಗಿನೊ ವಿಭಾಗದ ಮುಖ್ಯಸ್ಥನಾದ ವರ್ಷ ಏಪ್ರಿಲ್ ಒಂದರ ಬೆಳಗ್ಗೆ ಎಂಟಕ್ಕೇ ಬಂದು ಮಿತ್ಸುಯೊಳ ಮೇಜಿನ ಮುಂದೆ ನಿಂತಿದ್ದ.

"ಶಿಬುಕಾವ ಸಾನ್, ನನ್ನ ಎರಡನೇ ಗೆರೆ ಬಂತಾ?"

"ಒಂಬತ್ತು ಗಂಟೆಗೆ ಬರುತ್ತೆ ಸಾರ್, ಎಲ್ಲರದ್ದೂ ಒಟ್ಟಿಗೆ."

"ಅಷ್ಟರೊಳಗೆ ಒಂದು ಅರ್ಜೆಂಟ್ ಮೇಲ್ ಕಳಿಸೋದಿತ್ತು."

"ಯಾರಿಗೆ?"

ಓಗಿನೊ ಕಿಟಕಿಯಾಚೆ ನೋಡಿದ. "ಹೆಂಡತಿಗೆ," ಎಂದ.

ಮಿತ್ಸುಯೊ ಹದಿನೆಂಟನೇ ವಯಸ್ಸಿಗೆ ಆ ಕಂಪನಿಗೆ ಸೇರಿದಾಗ ಕಂಪ್ಯೂಟರಿನ ಸುದ್ದಿಯೇ ಇರಲಿಲ್ಲ. ಅವಳ ಕೈಬರಹ ಚೆನ್ನಾಗಿದೆ ಎಂದು ಕೆಲಸಕ್ಕೆ ತೆಗೆದುಕೊಂಡಿದ್ದರು. ಬೆಳಗ್ಗೆ ಇಪ್ಪತ್ತೆರಡು ಲೋಟ ಚಹಾ. ಯಾರ ಲೋಟ ಯಾವುದು ಎಂದು ತಪ್ಪಬಾರದು. ಆಮೇಲೆ ಕುಂಚ ಹಿಡಿದು ಲಕೋಟೆಗಳ ಮೇಲೆ ವಿಳಾಸ. ಡಿಸೆಂಬರ್ ಬಂತೆಂದರೆ ಹೊಸ ವರ್ಷದ ಕಾರ್ಡು, ಎಂಟುನೂರಕ್ಕೂ ಮೇಲೆ. ಶಾಯಿ ಒಣಗಲೆಂದು ಕಾರ್ಡುಗಳನ್ನು ಸೀಮೆಎಣ್ಣೆ ಒಲೆಯ ಸುತ್ತ ನೆಲದ ಮೇಲೆ ಹರಡಿರುತ್ತಿದ್ದಳು; ದೊಡ್ಡ ದೊಡ್ಡ ಅಧಿಕಾರಿಗಳು ಅವುಗಳ ನಡುವೆ ಕೊಕ್ಕರೆಗಳ ಹಾಗೆ ಕಾಲೆತ್ತಿ ಕಾಲಿಟ್ಟು ದಾಟುತ್ತಿದ್ದರು. ಆ ಶಾಯಿಯ, ಒಲೆಯ, ಒದ್ದೆ ಕೋಟುಗಳ ವಾಸನೆ ನೆನಪಾದರೆ ಮಿತ್ಸುಯೊಗೆ ಈಗಲೂ ಬೆರಳು ಬೆಚ್ಚಗಾಗುತ್ತದೆ. ಆಗ ಒಬ್ಬ ಮನುಷ್ಯನ ಹುದ್ದೆಯನ್ನು ಬರೆಯಲು ಕಾಲು ನಿಮಿಷ ಬೇಕಾಗುತ್ತಿತ್ತು. ಅಷ್ಟು ಹೊತ್ತು ಆ ಮನುಷ್ಯ ಕುಂಚದ ತುದಿಯಲ್ಲಿ ಇರುತ್ತಿದ್ದ.

ಇಮೇಲ್ ಬಂದದ್ದು ತೊಂಬತ್ತೆಂಟರಲ್ಲಿ. ಇಡೀ ಕಂಪನಿಗೆ ಒಂದು ಕಂಪ್ಯೂಟರು, ಒಂದು ವಿಳಾಸ. ಅದಕ್ಕೆ ಮಿತ್ಸುಯೊ ಹೂವಿನ ಬಟ್ಟೆಯ ಹೊದಿಕೆ ಹೊಲಿದಿದ್ದಳು. ಅದರ ಮುಂದೆ ಮೊದಲು ಬಂದು ಕುಳಿತದ್ದು ಕಾರ್ಖಾನೆಯ ಮುಖ್ಯಸ್ಥರಾದ ಕನಮೊರಿ ಇಸಾವೊ. ಕನಜಾವಾದ ಒಂದು ಸ್ನಾನಗೃಹದ ನಲ್ಲಿ ತೊಟ್ಟಿಕ್ಕುತ್ತಿದೆ, ಯಾವ ವಾಷರ್ ಹಾಕಬೇಕು ಎಂದು ಅವರು ತಿಳಿಸಬೇಕಿತ್ತು. ಎರಡು ಬೆರಳಿನಲ್ಲಿ ಮುಕ್ಕಾಲು ಗಂಟೆ ಕುಟ್ಟಿ, ಕೊನೆಗೆ, "ನನ್ನ ಹೆಸರು, ವಿಳಾಸ ಎಲ್ಲ ಪ್ರತಿ ಸಲ ಯಾರಮ್ಮ ಕುಟ್ತಾರೆ? ಒಂದು ಅಚ್ಚು ಮಾಡಿಡು, ಎರಕ ಹೊಯ್ದ ಹಾಗೆ ಬೀಳಲಿ," ಎಂದರು. ಹಾಗೆ ಹುಟ್ಟಿತು ಕಂಪನಿಯ ಮೊದಲ ಸಹಿ ಮಾದರಿ. ಅದರಲ್ಲಿ ಹನ್ನೊಂದು ಸಾಲುಗಳಿದ್ದವು. ರೈಲು ನಿಲ್ದಾಣದಿಂದ ನಡೆದು ಬರುವ ದಾರಿ ಇತ್ತು. ಕೊನೆಯಲ್ಲಿ, 'ಹನ್ನೆರಡರಿಂದ ಒಂದರವರೆಗೆ ಊಟದ ವಿರಾಮ, ಆ ಹೊತ್ತಿನಲ್ಲಿ ದಯವಿಟ್ಟು ಇಮೇಲ್ ಕಳಿಸಬೇಡಿ' ಎಂದಿತ್ತು. ಗ್ರಾಹಕರು ಎಷ್ಟೋ ವರ್ಷ ಅದನ್ನು ಪಾಲಿಸಿದರು ಕೂಡ.

ಕನಮೊರಿಗೆ ಅರವತ್ತು ತುಂಬಿದ್ದು ಏಳು ವರ್ಷದ ಹಿಂದೆ. ಹೂಗುಚ್ಛ ಕೊಟ್ಟರು, ಭಾಷಣ ಮಾಡಿದರು, ಚಪ್ಪಾಳೆ ತಟ್ಟಿದರು. ಮಾರನೆಯ ದಿನ ಬೆಳಗ್ಗೆ ಅವರು ಅದೇ ಟೊಪ್ಪಿಗೆ ಹಾಕಿಕೊಂಡು ರಿಪೇರಿ ಕೋಣೆಯ ಅದೇ ಮೇಜಿನ ಮುಂದೆ ಬಂದು ಕುಳಿತರು. ನಿವೃತ್ತರಾದವರನ್ನು ವರ್ಷ ವರ್ಷಕ್ಕೆ ಒಪ್ಪಂದದ ಮೇಲೆ ಮತ್ತೆ ಇಟ್ಟುಕೊಳ್ಳುವುದು ರೂಢಿ. ಕೆಲಸ ಅದೇ, ಹುದ್ದೆ ಮಾತ್ರ ಹೋಗುತ್ತದೆ. ಸಹಿಯಲ್ಲಿ ಹೆಸರಿನ ಮುಂದೆ 'ಮರುನೇಮಕ' ಎಂದು ಬರುತ್ತದೆ, ಸುತ್ತ ಚುಕ್ಕೆಚುಕ್ಕೆ ಗೆರೆ.

ಮಿತ್ಸುಯೊ ಅವರ ಸಹಿಯಲ್ಲಿ 'ಕಾರ್ಖಾನೆ ಮುಖ್ಯಸ್ಥ' ಎಂಬುದನ್ನು ಅಳಿಸಿದಳು. 'ಮರುನೇಮಕ' ಎಂದು ಬರೆದಳು. ನೋಡಿದಳು. ನಿನ್ನೆಯವರೆಗೆ ಇನ್ನೂರು ಜನಕ್ಕೆ ಸಾಹೇಬರಾಗಿದ್ದವರು ಇವತ್ತು ನಿನ್ನೆ ಸೇರಿದ ಹುಡುಗಿಯ ಗೆರೆಯೊಳಗೆ. ಅಳಿಸಿದಳು. 'ತಾಂತ್ರಿಕ ಸಲಹೆಗಾರ' ಎಂದು ಬರೆದಳು. ಅಂಥ ಹುದ್ದೆ ಕಂಪನಿಯಲ್ಲಿ ಹಿಂದೆಯೂ ಇರಲಿಲ್ಲ, ಮುಂದೆಯೂ ಬರಲಿಲ್ಲ. ಒಂದು ವಾರ ಯಾರಾದರೂ ಕೇಳುತ್ತಾರೆ ಎಂದು ಹೆದರಿ ಕುಳಿತಳು. ಯಾರೂ ಕೇಳಲಿಲ್ಲ. ಸಹಿಗಳ ವಿಷಯದಲ್ಲಿ ಅವಳು ಅವತ್ತು ಒಂದು ಸತ್ಯ ಕಂಡುಕೊಂಡಳು: ಪ್ರತಿಯೊಬ್ಬನೂ ತನ್ನ ಸಹಿಯನ್ನು ದಿನಕ್ಕೆ ಹತ್ತು ಸಲ ಓದುತ್ತಾನೆ, ಇನ್ನೊಬ್ಬನದ್ದನ್ನು ಒಂದು ಸಲವೂ ಓದುವುದಿಲ್ಲ.

ಈಗ ಅಧ್ಯಕ್ಷೆಯಾಗಿ ಬಂದಿದ್ದವಳು ತೀರಿಹೋದ ಅಧ್ಯಕ್ಷರ ಮಗಳು ಚಿಹಾಯಾ. ಟೋಕಿಯೊದಲ್ಲಿ ಓದಿದವಳು, ಮಾತು ಚುಟುಕು. ಏಪ್ರಿಲ್ ಒಂದರಿಂದ ಎಲ್ಲರ ಸಹಿಯೂ ಒಂದೇ ಮಾದರಿ, ಗೆರೆಗಳು ರದ್ದು, ಹುದ್ದೆಯನ್ನು ಸಿಬ್ಬಂದಿ ದಾಖಲೆಯಿಂದ ಕಂಪ್ಯೂಟರೇ ಎತ್ತಿಕೊಳ್ಳುತ್ತದೆ, ಎಂದಳು. ಜಪಾನಿನ ಚಕ್ರವರ್ತಿಗಳೇ ವಯಸ್ಸಾಯಿತೆಂದು ಸಿಂಹಾಸನ ಬಿಟ್ಟುಕೊಡಲು ಹೊರಟಿದ್ದ ವಸಂತ ಅದು. ಓಗಿನೊ ಒಂದು ಗೆರೆ ಬಿಟ್ಟುಕೊಡಲು ತಯಾರಿರಲಿಲ್ಲ.

"ಅಧ್ಯಕ್ಷರೇ, ನನ್ನ ಸ್ವಂತಕ್ಕೆ ಅಂತ ಹೇಳ್ತಿಲ್ಲ," ಎಂದ ಸಭೆಯಲ್ಲಿ. "ಗ್ರಾಹಕರಿಗೆ ಗಾಬರಿಯಾಗುತ್ತೆ. ಓಗಿನೊಗೆ ಏನಾಯ್ತು ಅಂತಾರೆ."

"ಏನಾಯ್ತು ಅಂತ ಯಾರಾದ್ರೂ ಕೇಳಿದ್ರೆ ನನಗೆ ಕಳಿಸಿ, ಆರೋಗ್ಯವಾಗಿದಾರೆ ಅಂತ ನಾನೇ ಹೇಳ್ತೀನಿ," ಎಂದಳು ಚಿಹಾಯಾ.

ಹೊಸ ಮಾದರಿ ಕಟ್ಟುವ ಕೆಲಸ, ಈಗ ಸೆಕ್ಷನ್ ಮುಖ್ಯಸ್ಥೆಯಾಗಿದ್ದ ಮಿತ್ಸುಯೊಳದ್ದೇ. ಕಟ್ಟಿದ ಮೇಲೆ, ಕುರೊಬಾನೆಯ ಪದ್ಧತಿಯಂತೆ, ಪ್ರತಿಯೊಬ್ಬರ ಇಮೇಲ್ ಸಹಿಯನ್ನೂ ಕಾಗದದ ಮೇಲೆ ಅಚ್ಚು ಹಾಕಿದಳು. ಎಡಗಡೆ ಹಳೆಯದು, ಬಲಗಡೆ ಹೊಸದು, ಕೆಳಗೆ 'ಸರಿಯಿದೆ' ಎಂದು ಅವರವರ ಕೆಂಪು ಮುದ್ರೆ ಒತ್ತಲು ಒಂದು ಚೌಕ. ಕಾಗದದಲ್ಲಿ ಒಪ್ಪದ ಹೊರತು ಇಮೇಲ್ ಇರಲಿ, ಗೋಡೆ ಗಡಿಯಾರವನ್ನೂ ಆ ಕಂಪನಿ ನಂಬುತ್ತಿರಲಿಲ್ಲ.

ಇನ್ನೂರಾ ಹದಿನಾರು ಹಾಳೆ. ಅದರಲ್ಲೊಂದು ಕನಮೊರಿಯದ್ದು. ಎಡಗಡೆ 'ತಾಂತ್ರಿಕ ಸಲಹೆಗಾರ'. ಬಲಗಡೆ, ದಾಖಲೆಯಿಂದ ಕಂಪ್ಯೂಟರು ಎತ್ತಿ ತಂದದ್ದು, 'ಮರುನೇಮಕ'.

ಆ ಹಾಳೆಯನ್ನು ಮಿತ್ಸುಯೊ ನಾಲ್ಕು ದಿನ ಮೇಜಿನ ಡ್ರಾಯರಿನಲ್ಲಿ ಇಟ್ಟುಕೊಂಡಳು. ಅದರ ಜೊತೆಗೇ ಅವರ ಮುಂದಿನ ವರ್ಷದ ಒಪ್ಪಂದದ ಪತ್ರವೂ ಹೋಗಬೇಕಿತ್ತು. ಮಾರ್ಚ್ ಮುಗಿಯುವುದರೊಳಗೆ ಅದಕ್ಕೆ ಮುದ್ರೆ ಬೀಳದಿದ್ದರೆ ಅವರ ಕೆಲಸ ಅಲ್ಲಿಗೆ ಮುಗಿದಂತೆ. ಕನಮೊರಿಯ ಸ್ವಾಭಿಮಾನ ಅವಳಿಗೆ ಗೊತ್ತಿತ್ತು. ಈ ಒಂದು ಹಾಳೆ ನೋಡಿ ಇನ್ನೊಂದನ್ನು ಹರಿದು ಹಾಕುವ ಜಾತಿ. ಆ ರಿಪೇರಿ ಮೇಜು ಬಿಟ್ಟರೆ ಅವರಿಗೆ ಬೇರೆ ಲೋಕವಿರಲಿಲ್ಲ.

ಒಮ್ಮೆ ಅಧ್ಯಕ್ಷೆಯ ಬಳಿ ಹೋಗಿ, "ಒಬ್ಬರಿಗೆ ಮಾತ್ರ ಬೇರೆ ಹುದ್ದೆ ಕೈಯಲ್ಲಿ ಬರೆಯೋ ಹಾಗೆ ಮಾಡಬಹುದಾ?" ಎಂದು ಕೇಳಿದಳು.

"ಒಬ್ಬರಿಗೆ ಮಾಡಿದ್ರೆ ನಾಳೆ ಓಗಿನೊ ಬರ್ತಾರೆ ದಪ್ಪ ಗೆರೆ ಕೇಳ್ಕೊಂಡು. ಯಾರಿಗೆ?"

"ಸುಮ್ಮನೆ ಕೇಳಿದೆ," ಎಂದು ವಾಪಸು ಬಂದಳು.

ಐದನೇ ದಿನ ಎರಡೂ ಕಾಗದ ಹಿಡಿದು ರಿಪೇರಿ ಕೋಣೆಗೆ ಹೋದಳು. ಕನಮೊರಿ ಹಳೆಯ ಹಿತ್ತಾಳೆ ನಲ್ಲಿಯೊಂದರ ಹೊಟ್ಟೆ ಬಗೆದು ಕುಳಿತಿದ್ದರು.

"ಸಾಹೇಬ್ರೇ, ಒಂದು ಮಾತಿತ್ತು."

"ಆ ಸಣ್ಣ ವಾಷರ್ ಕೊಡು ಇಲ್ಲಿ. ಅದಲ್ಲ, ಅದರ ಪಕ್ಕದ್ದು. ಹೇಳು, ಮಾತು ಕೈಗೇನೂ ಅಡ್ಡ ಬರಲ್ಲ."

ಅವಳು ಹಾಳೆಯನ್ನು ಮುಂದಿಟ್ಟಳು. ಅವರು ಕನ್ನಡಕ ಹುಡುಕಿ ಹಾಕಿಕೊಂಡು ಓದಿದರು.

"ಏನಿದು, ಹಿಂಬಡ್ತಿಯಾ? ಅರವತ್ತೇಳಕ್ಕೆ ಯಾರಾದ್ರೂ ಹಿಂಬಡ್ತಿ ಕೊಡ್ತಾರಾ? ಆ ಚಿಹಾಯಾ ಇಷ್ಟುದ್ದ ಇದ್ದಾಗ ಈ ಮೇಜಿನ ಕೆಳಗೆ ಆಡ್ತಿದ್ಳು."

"ಅವರದ್ದೇನೂ ತಪ್ಪಿಲ್ಲ. ಬಲಗಡೆದೇ ನಿಜ. ಎಡಗಡೆದನ್ನ ಹಾಕಿದ್ದು ನಾನು."

"ಎಲ್ಲರದ್ದೂ ನೀನೇ ತಾನೇ ಹಾಕೋದು?"

"ಹಾಗಲ್ಲ. ಆ ಹುದ್ದೆಯನ್ನೇ ನಾನು ಹುಟ್ಟಿಸಿದ್ದು. ಯಾರೂ ಕೊಟ್ಟಿದ್ದಲ್ಲ."

ಕನಮೊರಿ ಕೈಯಲ್ಲಿದ್ದ ಸ್ಪ್ಯಾನರನ್ನು ನಿಧಾನವಾಗಿ ಕೆಳಗಿಟ್ಟರು. "ದೊಡ್ಡ ಯಜಮಾನ್ರು, ಚಿಹಾಯಾಳ ಅಪ್ಪ, ಕೊಟ್ಟಿದ್ದಲ್ವಾ?"

"ಅವರಿಗೆ ಗೊತ್ತೇ ಇರಲಿಲ್ಲ."

"ಆ ವರ್ಷವೇ ಹೋಗಿಬಿಟ್ರು, ಕೇಳೋಕೂ ಆಗಲಿಲ್ಲ," ಎಂದರು ಅವರು, ಅರ್ಧ ತಮಗೇ. "ಪ್ರತಿ ನವೆಂಬರ್ ಅವರ ಸಮಾಧಿಗೆ ಹೋಗ್ತೀನಿ, ಗೊತ್ತಾ ನಿನಗೆ? ಕಲ್ಲಿಗೆ ನೀರು ಹಾಕಿ, ಊದುಬತ್ತಿ ಹಚ್ಚಿ, ಒಂದು ಕಪ್ ಸಾಕೆ ಮದ್ಯ ಇಟ್ಟು, 'ಹೋಗೋ ಮುಂಚೆ ನನ್ನ ಮರ್ಯಾದೆ ಉಳಿಸಿ ಹೋದ್ರಿ ಯಜಮಾನ್ರೇ' ಅಂತ ತಲೆ ಬಾಗಿಸಿ ಬರ್ತೀನಿ. ಏಳು ವರ್ಷ! ಅವರು ಅಲ್ಲಿ ಮಲಗಿದಲ್ಲೇ 'ಯಾವ ಮರ್ಯಾದೆ ಮಾರಾಯ?' ಅಂತ ತಲೆ ಕೆರ್ಕೊಂಡಿರಬೇಕು."

ಮಿತ್ಸುಯೊ ತುಟಿ ಕಚ್ಚಿಕೊಂಡಳು. ನಗು ಬಂತೋ ಅಳು ಬಂತೋ ಅವಳಿಗೇ ತಿಳಿಯಲಿಲ್ಲ.

"ನನ್ನ ಹೆಂಡತಿಯ ಅಣ್ಣ ಬ್ಯಾಂಕಲ್ಲಿ ಉಪಮ್ಯಾನೇಜರ್ ಆಗಿ ಮುಗಿಸಿದೋನು. ಹೊಸ ವರ್ಷದ ಊಟಕ್ಕೆ ಕೂತಾಗ ನಾನು ಸಲಹೆಗಾರ ಅಂತ ಏಳು ವರ್ಷದಿಂದ ನನಗೇ ಮೇಲಿನ ಜಾಗ. ಇನ್ನು ಅವನ ಮುಖ ಹೇಗೆ ನೋಡಲಿ?"

"ತಪ್ಪಾಯ್ತು ಸಾಹೇಬ್ರೇ."

"ಸಾಹೇಬ್ರೇ ಅನ್ನಬೇಡ. ಹೋಗು. ಕೆಲಸ ಇದೆ."

ಮೂರು ದಿನ ಅವರು ಕ್ಯಾಂಟೀನಿಗೆ ಬರಲಿಲ್ಲ. ಮಿತ್ಸುಯೊ ತಾನು ತಂದ, ಕಡಲಪಾಚಿ ಸುತ್ತಿದ ಅನ್ನದುಂಡೆಯನ್ನು ಅರ್ಧ ತಿಂದು ಅರ್ಧ ಮತ್ತೆ ಕಟ್ಟಿಟ್ಟಳು. ಇನ್ನೂರಾ ಹದಿನೈದು ಹಾಳೆ ವಾಪಸು ಬಂದಿದ್ದವು. ಓಗಿನೊನದ್ದು ಕೊನೆಗೆ ಬಂತು, ಮುದ್ರೆ ಅಷ್ಟು ಮಸುಕಾಗಿ ಒತ್ತಿದ್ದ, ನೋಡಿದರೆ ಕಾಗದವೇ ನಾಚಿಕೊಂಡ ಹಾಗಿತ್ತು. ಕನಮೊರಿಯ ಎರಡೂ ಹಾಳೆಗಳಿಗೆ ಅವಳು ಕಾದಳು. ಹೆದರಿದ್ದು ತಪ್ಪು ಹುದ್ದೆ ಕೊಟ್ಟದ್ದಕ್ಕಲ್ಲ. ಕೊಟ್ಟದ್ದನ್ನು ಕಿತ್ತುಕೊಳ್ಳುವ ಕೆಲಸವೂ ತನ್ನ ಪಾಲಿಗೇ ಬಂದು, ಅದರಿಂದ ಅವರ ಮೇಜೇ ಖಾಲಿಯಾದರೆ ಎಂದು.

ಮಾರ್ಚಿನ ಕೊನೆಯ ಶುಕ್ರವಾರ, ಐದಕ್ಕೆ ಹತ್ತು ನಿಮಿಷವಿದ್ದಾಗ, ಕನಮೊರಿ ಆಡಳಿತ ವಿಭಾಗಕ್ಕೆ ಬಂದರು. ಟೊಪ್ಪಿಗೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡಿದ್ದರು. ಮೊದಲು ಒಪ್ಪಂದದ ಪತ್ರ ಮೇಜಿನ ಮೇಲಿಟ್ಟರು. ಅದಕ್ಕೆ ಮುದ್ರೆ ಬಿದ್ದಿತ್ತು.

ಆಮೇಲೆ ಸಹಿಯ ಹಾಳೆ. ಬಲಗಡೆ 'ಮರುನೇಮಕ'ದ ಕೆಳಗಿನ ಚೌಕದಲ್ಲಿ ಮುದ್ರೆ ಇತ್ತು. ಎಡಗಡೆ 'ತಾಂತ್ರಿಕ ಸಲಹೆಗಾರ' ಎಂಬುದರ ಮೇಲೆ ಸ್ಕೇಲು ಇಟ್ಟು ಎರಡು ಗೆರೆ ಎಳೆದಿದ್ದರು. ಕಾಗದದಲ್ಲಿ ತಪ್ಪು ತಿದ್ದುವ ಕ್ರಮವೇ ಅದು: ಹೊಡೆದುಹಾಕಿ, ಪಕ್ಕದಲ್ಲಿ ತಿದ್ದಿದವರು ಮುದ್ರೆ ಒತ್ತಬೇಕು. ಒತ್ತಿದ್ದರು. ಆದರೆ ಅದರ ಪಕ್ಕದಲ್ಲಿ ಇನ್ನೊಂದು ಮುದ್ರೆ ಹಿಡಿಸುವಷ್ಟು ಜಾಗ ಬಿಟ್ಟಿದ್ದರು.

"ಹಳೇದನ್ನ ತಿದ್ದೋ ಅಗತ್ಯ ಇರಲಿಲ್ಲ," ಎಂದಳು ಮಿತ್ಸುಯೊ. "ಅದು ಹೇಗೂ ಸೋಮವಾರ ಅಳಿಸಿ ಹೋಗುತ್ತೆ."

"ಅಳಿಸಿ ಹೋಗೋದು ಬೇರೆ, ತಿದ್ದೋದು ಬೇರೆ. ಬರೆದೋಳು ನೀನು, ಇಟ್ಕೊಂಡೋನು ನಾನು. ಇಬ್ಬರ ಮುದ್ರೆಯೂ ಬೇಕು."

"ಹೆಂಡತಿಯ ಅಣ್ಣನಿಗೆ?"

"ಹೇಳಿದೆ. ಅವನು, 'ನಾನೂ ಉಪಮ್ಯಾನೇಜರ್ ಆಗಿರಲಿಲ್ಲ, ಪ್ರಭಾರಿ ಅಷ್ಟೇ' ಅಂದ. ಒತ್ತು, ಐದಾಗುತ್ತೆ."

ಮಿತ್ಸುಯೊ ಮುದ್ರೆಯ ಡಬ್ಬಿ ತೆಗೆದಳು. ಆಗ ನೋಡಿದಳು: ಕನಮೊರಿಯ ಮುದ್ರೆ ನೆಟ್ಟಗಿರಲಿಲ್ಲ. ಅವಳಿಗೆಂದು ಬಿಟ್ಟ ಜಾಗದ ಕಡೆಗೆ ಸ್ವಲ್ಪ ವಾಲಿತ್ತು. ಹಳೆಯ ಕಚೇರಿಗಳಲ್ಲಿ ಕೆಳಗಿನವರು ಮೇಲಧಿಕಾರಿಯ ಮುದ್ರೆಯತ್ತ ತಮ್ಮದನ್ನು ಹೀಗೆ ಓರೆಯಾಗಿ ಒತ್ತುತ್ತಿದ್ದರು, ನಮಸ್ಕರಿಸುವ ಹಾಗೆ. ಲೆಕ್ಕದ ಪ್ರಕಾರ ಅದು ಸರಿಯೇ. ಅವಳು ಸೆಕ್ಷನ್ ಮುಖ್ಯಸ್ಥೆ, ಅವರು ಮರುನೇಮಕ.

ಅವಳು ಮುದ್ರೆಗೆ ಕೆಂಪು ಹಚ್ಚಿಕೊಂಡು, ಉಸಿರು ಹಿಡಿದು, ಅವರದ್ದರ ಕಡೆಗೆ ಓರೆಯಾಗಿ ಒತ್ತಿದಳು. ಅವರದ್ದಕ್ಕಿಂತ ಒಂದು ಕೂದಲಿನಷ್ಟು ಹೆಚ್ಚಾಗಿಯೇ ವಾಲಿಸಿದಳು.

ಕನಮೊರಿ ಬಗ್ಗಿ ನೋಡಿದರು. ಪ್ಲಾಟ್‌ಫಾರ್ಮಿನ ಮೇಲೆ ವಂದಿಸಿ ಬೀಳ್ಕೊಡುವಾಗ ಮೊದಲು ತಲೆಯೆತ್ತಬೇಕಾದವರು ಯಾರು ಎಂದು ಗೊತ್ತಾಗದೆ ಬಗ್ಗಿಯೇ ನಿಂತ ಇಬ್ಬರ ಹಾಗೆ ಎರಡು ಕೆಂಪು ಮುದ್ರೆಗಳು ಎದುರುಬದುರು ಬಾಗಿದ್ದವು.

"ಸೊಟ್ಟಗೆ ಒತ್ತಿದೀಯ," ಎಂದರು.

"ಗೊತ್ತು ಸಾಹೇಬ್ರೇ."

ಈ ಸಲ ಅವರು ಆ ಮಾತಿಗೆ ಅಡ್ಡಿ ಹೇಳಲಿಲ್ಲ. ಟೊಪ್ಪಿಗೆ ಹಾಕಿಕೊಂಡು, ಶಾಯಿ ಆರಲೆಂದು ಹಾಳೆಯ ಮೇಲೆ ಎರಡು ಸಲ ಊದಿ, ಬಾಗಿಲ ಕಡೆ ನಡೆದರು.