ಪರದೆಯ ಹೊರಗೆ ಕೂತವರು

ನಮ್ಮ ತಾಲೂಕುಗಳಲ್ಲಿ ಹಳೆಯ ಹಾಡುಗಳನ್ನು ಹುಡುಕಿಕೊಂಡು ಹೋದವರಿದ್ದಾರೆ, ಅವನ್ನು ಬರೆದುಕೊಂಡವರಿದ್ದಾರೆ, ಅವುಗಳ ಮೇಲೆ ಪ್ರಬಂಧ ಬರೆದು ಪದವಿ ಪಡೆದವರೂ ಇದ್ದಾರೆ. ಆದರೆ ಹಾಡಿದವರ ಮನೆಯಿಂದ ಹೊರಟ ಚಿತ್ರವೂ ದನಿಯೂ ಕೇಳುವವರ ಮನೆಗೆ ಮುಟ್ಟುವ ತನಕ ನಡುವೆ ಆಗಬೇಕಾದ ಕೆಲಸವನ್ನು, ಯಾರ ಕಣ್ಣಿಗೂ ಬೀಳದ ಆ ಕೆಲಸವನ್ನು, ಇಷ್ಟು ವರ್ಷ ಒಬ್ಬರೇ ಎಂಬಂತೆ ಮಾಡಿಕೊಂಡು ಬಂದವರು ಶ್ರೀ ಜತ್ತಪ್ಪನವರು. ಮೂಡುಬಿದಿರೆಯ ನಮ್ಮ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತ, ಜೊತೆಗೆ ದಾಖಲೀಕರಣ ಕೋಣೆಯ ಹೊಣೆಯನ್ನೂ ಹೊತ್ತಿದ್ದ ಅವರು ಈ ವರ್ಷ ನಿವೃತ್ತರಾಗುತ್ತಿದ್ದಾರೆ. ಅವರ ಜೊತೆಗೇ ಆ ಕೋಣೆಯೂ ಮುಚ್ಚಲಿದೆ ಎಂದು ಕೇಳಿದ್ದೇನೆ.

ಅಭಿನಂದನ ಗ್ರಂಥದ ಸಮಿತಿಯವರು ನನ್ನಲ್ಲಿಗೆ ಬಂದು, "ವಾರಿಜಾಕ್ಷಿ ಮೇಡಂ, ನೀವು ಅವರೊಟ್ಟಿಗೆ ಊರೂರು ತಿರುಗಿದವರು, ಸಂತೋಷದ ನಾಲ್ಕು ಸಂಗತಿ ಬರೆದುಕೊಡಿ" ಎಂದರು. ಒಪ್ಪಿಕೊಂಡೆ. ಮರುದಿನ ಜತ್ತಪ್ಪನವರದೇ ಫೋನು ಬಂತು.

"ಮೇಡಂ, ವಿಟ್ಲದ್ದು ಬರೀತೀರಿ ಅಲ್ವಾ?"

"ಅದೆಂತಕ್ಕೆ ಈಗ? ಸನ್ಮಾನದ ಪುಸ್ತಕ ಅದು."

"ವಿಟ್ಲದ್ದು ಬಿಟ್ಟು ಬರೆದರೆ ಆ ಪುಸ್ತಕದಲ್ಲಿ ಇರುವುದು ಬೇರೆ ಯಾರೋ ಜತ್ತಪ್ಪ. ಅವನಿಗೇ ಶಾಲು ಹಾಕಿ."

ಆದ್ದರಿಂದ ಈ ಲೇಖನ ಸಮಿತಿಯವರು ಕೇಳಿದ ಹಾಗೆ ಇಲ್ಲ. ಓದುಗರು ಕ್ಷಮಿಸಬೇಕು.

ಬೆಳ್ತಂಗಡಿಯ ಕಡೆಯಿಂದ ಬಂದ ಜತ್ತಪ್ಪನವರು ಕಾಲೇಜಿಗೆ ಸೇರಿದಾಗ ನಾನು ಕನ್ನಡ ವಿಭಾಗದಲ್ಲಿ ಹಳಬಳಾಗಿದ್ದೆ. ಹೆಂಗಸರ ಹಾಡುಗಳನ್ನು ಚಿತ್ರೀಕರಿಸಿ ಇಡಬೇಕೆಂಬ ಯೋಜನೆಗೆ ಕಾಲೇಜು ಒಂದು ಹೈ ಡೆಫಿನಿಷನ್ ಕ್ಯಾಮ್‌ಕಾರ್ಡರ್ ಕೊಡಿಸಿದಾಗ, ಅದರ ಪೆಟ್ಟಿಗೆಯನ್ನು ಬಿಚ್ಚುವ ಧೈರ್ಯ ಮಾಡಿದವರು ಅವರೊಬ್ಬರೇ. ಬಸ್ಸಿನಲ್ಲಿ ಹೋಗುವಾಗ ಕ್ಯಾಮೆರಾದ ಮೂರು ಕಾಲಿನ ಸ್ಟ್ಯಾಂಡನ್ನು ಮಗುವಿನಂತೆ ತೊಡೆಯ ಮೇಲೆ ಮಲಗಿಸಿಕೊಂಡು, ಪಕ್ಕದ ಸೀಟನ್ನು ನಿಂತವರಿಗೆ ಬಿಟ್ಟುಕೊಡುತ್ತಿದ್ದರು. ಹಾಡುವ ಮುದುಕಿಯರ ಮನೆಯಲ್ಲಿ ಚಿತ್ರೀಕರಣಕ್ಕೆಂದು ಫ್ಯಾನು ನಿಲ್ಲಿಸಬೇಕಾಗಿ ಬಂದರೆ, ನಡುನಡುವೆ "ಬ್ಯಾಟರಿ ಬದಲಿಸಬೇಕು" ಎಂದು ಸುಳ್ಳು ಹೇಳಿ ಫ್ಯಾನು ಹಾಕಿಸುತ್ತಿದ್ದರು. ನಾನು ಕಣ್ಣಿನ ಪೊರೆ ತೆಗೆಸಿಕೊಂಡ ವರ್ಷ, ಯಾರೂ ಹೇಳದೆ, ಹಾಡಿನ ಸಿ.ಡಿ.ಗಳ ಮೇಲೆ ಅವರು ಬರೆಯುವ ಹೆಸರುಗಳೆಲ್ಲ ಒಮ್ಮೆಲೇ ದಪ್ಪ ಅಕ್ಷರಗಳಾದವು.

ಹೊರಗಿನ ಕೆಲಸ ಮುಗಿದ ಮೇಲೆ ಅವರ ನಿಜವಾದ ಕೆಲಸ ಶುರುವಾಗುತ್ತಿತ್ತು. ಆ ಕ್ಯಾಮೆರಾ ಹಿಡಿದ ಚಿತ್ರ ಎಷ್ಟು ಸ್ಪಷ್ಟವೋ ಅಷ್ಟೇ ಭಾರ. ಕಾಲೇಜಿನ ಕಂಪ್ಯೂಟರಿನಲ್ಲಿ ಅದನ್ನು ತೆರೆದರೆ ಹಾಡುವವರ ತುಟಿ ಒಂದು ಕಡೆ, ದನಿ ಒಂದು ಕಡೆ ಹೋಗುತ್ತಿತ್ತು. ಕತ್ತರಿಸಿ ಜೋಡಿಸುವ ಮಾತೇ ಇಲ್ಲ. ಹಾಗಾಗಿ ಪ್ರತಿಯೊಂದು ಫೈಲನ್ನೂ ಪರಿವರ್ತಿಸಿ, ಎಡಿಟಿಂಗಿಗೆ ಒಗ್ಗುವ ಚಿಕ್ಕ ಫೈಲಾಗಿ ಮಾಡಿಕೊಳ್ಳಬೇಕಿತ್ತು. ಒಂದು ಮಧ್ಯಾಹ್ನದ ಹಾಡು ಹಾಗೆ ಚಿಕ್ಕದಾಗಲು ಇಡೀ ದಿನ ಹಿಡಿಯುತ್ತಿತ್ತು. ಒಮ್ಮೆ ನಾನು ಕೇಳಿದೆ, "ಅಷ್ಟು ದೊಡ್ಡದು ಇಷ್ಟು ಸಣ್ಣ ಆಗುವಾಗ ಒಳಗಿಂದ ಎಂತ ಹೋಗ್ತದೆ?"

"ಅಲುಗಾಡದ್ದು ಹೋಗ್ತದೆ ಮೇಡಂ. ಗೋಡೆ ಅಲ್ಲೇ ಇದ್ದರೆ ಅದನ್ನು ಮತ್ತೆ ಮತ್ತೆ ಬರೆದಿಡುವುದಿಲ್ಲ. ಕೈ ಆಡಿಸಿದರೆ, ತಲೆ ಕೊಡವಿದರೆ, ಅದಕ್ಕೆ ಮಾತ್ರ ಜಾಗ."

"ಹಾಗಾದರೆ ನನ್ನ ಪಾಠದ್ದು ಮಾಡಿದರೆ ಒಂದು ಚಿಟಿಕೆ ಆದೀತು. ಕುರ್ಚಿಯಿಂದ ಎದ್ದವಳೇ ಅಲ್ಲ ನಾನು."

"ಮಕ್ಕಳನ್ನೂ ಸೇರಿಸಿ ತೆಗೆಯುವ. ಅವರು ತೂಕಡಿಸುವುದಕ್ಕೆ ಸ್ವಲ್ಪ ಜಾಗ ಬೇಕಾಗ್ತದೆ" ಎಂದರು.

ಆ ದಿನ ನಗಾಡಿದೆವು. ಆ ಮಾತಿನೊಳಗೇ ನಮ್ಮ ಕೇಡು ಕೂತಿತ್ತು ಎಂದು ಇಬ್ಬರಿಗೂ ತಿಳಿಯಲಿಲ್ಲ.

ವಿಟ್ಲದ ರುಖಿಯಮ್ಮನವರು ನಮ್ಮ ಕರಾವಳಿಯ ಮುಸ್ಲಿಮರಾದ ಬ್ಯಾರಿಗಳ ಮದುವೆಗಳಲ್ಲಿ ಮದರಂಗಿ ಹಚ್ಚುವಾಗಿನ ಹಾಡುಗಳನ್ನು ಬಲ್ಲವರು. ಅವರಷ್ಟು ಹಾಡು ಬಲ್ಲವರು ಆಸುಪಾಸಿನಲ್ಲಿ ಆಗಲೇ ಉಳಿದಿರಲಿಲ್ಲ. ಪರಗಂಡಸರ ಎದುರು ಅವರು ಬರುತ್ತಿರಲಿಲ್ಲ. ಮುಖ ಚಿತ್ರದಲ್ಲಿ ಬೀಳಬಾರದು ಎಂಬುದು ಅವರ ಕರಾರು. ಜತ್ತಪ್ಪನವರು ಅದಕ್ಕೆ ಒಂದು ಮಾತೂ ಆಡದೆ ಚಾವಡಿಯ ಹೊರಗೆ ಕ್ಯಾಮೆರಾ ನಿಲ್ಲಿಸಿದರು. ಬಾಗಿಲಿಗೆ ಹಸಿರು ಬಣ್ಣದ ದಪ್ಪ ಪರದೆ. ಒಳಗೆ ರುಖಿಯಮ್ಮ, ಅವರ ಮಗಳು ಸೌದಾ, ನಾನು. ಬರಿಯ ದನಿ ಹಿಡಿಯುವ ಯಂತ್ರ ನಮ್ಮಲ್ಲಿ ಬೇರೆ ಇರಲಿಲ್ಲವಾದ್ದರಿಂದ, ಕ್ಯಾಮೆರಾ ಪರದೆಯನ್ನೇ ನೋಡುತ್ತ ಒಳಗಿನ ದನಿಯನ್ನು ಹಿಡಿಯಿತು. ಆ ಬೇಸಿಗೆಯಲ್ಲಿ ನಾವು ಹೋದಾಗಲೆಲ್ಲ ಹೀಗೆಯೇ. ಜತ್ತಪ್ಪನವರು ರುಖಿಯಮ್ಮನವರ ಮುಖ ಕಂಡವರಲ್ಲ, ಕೊನೆಯ ತನಕವೂ ಕಾಣಲಿಲ್ಲ.

ಮನೆಯಲ್ಲಿ ಅವರದು ಬ್ಯಾರಿ ಭಾಷೆ, ನಮ್ಮೊಡನೆ ತುಳು. ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕೊನೆಯ ದಿನ, ಆಗ ಇನ್ನೂ ಪ್ರಾಥಮಿಕ ಶಾಲೆಗೆ ಹೋಗುತ್ತಿದ್ದ ಮೊಮ್ಮಗಳು ಸಜ್ನಾಳನ್ನು ಮಡಿಲಿಗೆ ಎಳೆದುಕೊಂಡು ರುಖಿಯಮ್ಮ ಹೇಳಿದರು:

"ಇವಳ ಮದರಂಗಿಗೆ ನಾನು ಇರ್ತೇನೋ ಇಲ್ಲವೋ. ಆ ಡಬ್ಬದಲ್ಲಿ ಇರ್ತೇನಲ್ಲ, ಸಾಕು. ಮಾಸ್ಟ್ರೇ, ಆ ದಿನ ತಂದು ಹಾಕ್ತೀರಾ?"

"ತರ್ತೇನೆ ಅಮ್ಮ" ಎಂದು ಪರದೆಯಾಚೆಯಿಂದ ಉತ್ತರ ಬಂತು.

ವಿಟ್ಲದ ಫೈಲುಗಳನ್ನು ಚಿಕ್ಕದು ಮಾಡಲು ಹಾಕಿದ ವಾರವೇ ಬೆಳ್ತಂಗಡಿಯಲ್ಲಿ ಇನ್ನೊಂದು ಚಿತ್ರೀಕರಣ ನಿಗದಿಯಾಗಿತ್ತು. ಇದ್ದ ಒಂದೇ ಹಾರ್ಡ್ ಡಿಸ್ಕು ತುಂಬಿತ್ತು. ಪರಿವರ್ತನೆ ಪೂರ್ಣವಾಯಿತೆಂದು ಕಂಪ್ಯೂಟರು ತೋರಿಸಿದ್ದನ್ನು ನೋಡಿ ಜತ್ತಪ್ಪನವರು, ಎಂದಿನಂತೆ, ಮೂಲ ಫೈಲುಗಳನ್ನು ಅಳಿಸಿ, ಮೆಮೊರಿ ಕಾರ್ಡನ್ನೂ ಖಾಲಿ ಮಾಡಿ ತರಗತಿಗೆ ಹೋದರು. ಆ ಹೊತ್ತಿಗೆ ನೆರವಿಗೆಂದು ಬಂದವರು ಕಂಪ್ಯೂಟರ್ ವಿಭಾಗದ ರವಿಶಂಕರ್. ಪರಿವರ್ತನೆ ಅರ್ಧದಲ್ಲಿ ನಿಂತುಹೋದ ಫೈಲನ್ನು ಅವರು ಗಾತ್ರ ನೋಡಿಯೇ ಗುರುತಿಸುತ್ತಿದ್ದರು: ತೀರಾ ಸಣ್ಣದಿದ್ದರೆ ಅದು ಕೆಟ್ಟದ್ದು, ಅಳಿಸಿ ಮತ್ತೆ ಹಾಕಬೇಕು. ವಿಟ್ಲದ ಫೈಲುಗಳೆಲ್ಲ ತೀರಾ ಸಣ್ಣವಾಗಿದ್ದವು. ಸಂಶಯಕ್ಕೆಂದು ಒಂದೆರಡನ್ನು ತೆರೆದೂ ನೋಡಿದರು. ಹಸಿರು ಬಟ್ಟೆ ಕಂಡಿತು. ಎಷ್ಟು ಹೊತ್ತು ನೋಡಿದರೂ ಅದು ಅಲುಗಾಡಲಿಲ್ಲ. ಪಕ್ಕದ ಕೋಣೆ ಗ್ರಂಥಾಲಯವಾದ್ದರಿಂದ ಆ ಕಂಪ್ಯೂಟರಿನ ದನಿಯನ್ನು ಯಾವಾಗಲೂ ನಿಲ್ಲಿಸಿಯೇ ಇಡುತ್ತಿದ್ದರು. ಚಿತ್ರ ಸಿಕ್ಕಿಕೊಂಡು ನಿಂತಿದೆ ಎಂದುಕೊಂಡ ಅವರು, ಮೂಲದಿಂದ ಮತ್ತೊಮ್ಮೆ ಮಾಡಿದರಾಯಿತೆಂದು, ಎಲ್ಲವನ್ನೂ ಅಳಿಸಿದರು.

ಮೂಲ ಅಷ್ಟರಲ್ಲಿ ಇರಲಿಲ್ಲ. ಇದು ಗೊತ್ತಾಗುವಾಗ ಅದೇ ಜಾಗದ ಮೇಲೆ ಬೆಳ್ತಂಗಡಿಯ ಚಿತ್ರೀಕರಣ ತುಂಬಿ ಆಗಿತ್ತು. ಮಂಗಳೂರಿನ ಅಂಗಡಿಯವರು ಡಿಸ್ಕನ್ನು ವಾರಗಟ್ಟಲೆ ಇಟ್ಟುಕೊಂಡು ಕೈಚೆಲ್ಲಿದರು.

ಕಾಲೇಜಿನಲ್ಲಿ ಜತ್ತಪ್ಪನವರು "ನಾನು ಅಳಿಸಿದೆ" ಎಂದಷ್ಟೇ ಹೇಳಿದರು. ರವಿಶಂಕರರ ಹೆಸರನ್ನು ಅವರು ಎಲ್ಲಿಯೂ ಎತ್ತಿದ್ದನ್ನು ನಾನು ಕೇಳಿಲ್ಲ. ಇದನ್ನೆಲ್ಲ ನನಗೆ ಹೇಳಿದವರು ರವಿಶಂಕರರೇ. ಇಲ್ಲಿ ಬರೆಯಬೇಕೆಂದು ಒತ್ತಾಯಿಸಿದವರೂ ಅವರೇ.

ಮತ್ತೊಮ್ಮೆ ಹಾಡಿಸಬಹುದು ಎಂಬ ಆಸೆಯಿಂದ ನಾವಿಬ್ಬರೂ ವಿಟ್ಲಕ್ಕೆ ಹೊರಟೆವು. ಜತ್ತಪ್ಪನವರು ಕ್ಯಾಮೆರಾ ತಂದಿರಲಿಲ್ಲ. "ಮೊದಲು ತಪ್ಪು ಹೇಳಿ ಬರುವ. ಕ್ಯಾಮೆರಾ ಹಿಡಿದುಕೊಂಡು ಹೋಗಿ ಹೇಳಿದರೆ ಅದು ವ್ಯಾಪಾರ ಆಗ್ತದೆ" ಎಂದರು. ಅಲ್ಲಿ ಹೋದರೆ ರುಖಿಯಮ್ಮ ಮಂಚ ಹಿಡಿದಿದ್ದರು. ಬಲಭಾಗಕ್ಕೆ ಪಾರ್ಶ್ವವಾಯು, ಮಾತು ಬಿದ್ದುಹೋಗಿತ್ತು. ನಾನು ಒಳಗೆ ಹೋದೆ. ಜತ್ತಪ್ಪನವರು ಹೊರಗೆ, ಅದೇ ಜಾಗದಲ್ಲಿ ನಿಂತು, ಆದದ್ದನ್ನೆಲ್ಲ ಪರದೆಗೆ ಹೇಳಿದರು. ಭೌತಶಾಸ್ತ್ರದ ಪಾಠದಂತೆ ಒಂದೊಂದೇ ಹಂತ. ತಮ್ಮ ಪರವಾಗಿ ಒಂದು ಶಬ್ದವೂ ಇಲ್ಲ.

ಸೌದಾ ತಾಯಿಯ ಹೊದಿಕೆ ಸರಿಮಾಡಿದರು. ಆಮೇಲೆ, "ನಿಮ್ಮನ್ನು ನಂಬಿ ಉಮ್ಮ ಬೇರೆ ಯಾರ ಮೊಬೈಲಿಗೂ ಹಾಡಲಿಲ್ಲ, ಮಾಸ್ಟ್ರೇ" ಎಂದರು. ಬೈಗುಳವಾದರೂ ಸಹಿಸಬಹುದಿತ್ತು.

ರುಖಿಯಮ್ಮನವರ ಎಡಗೈ ಮೆಲ್ಲನೆ ಎದ್ದು ಅಡುಗೆಮನೆಯ ಕಡೆ ತೋರಿತು. "ಚಾಯ ಕೊಡಲಿಕ್ಕೆ ಹೇಳ್ತಾರೆ" ಎಂದು ಸೌದಾ ಎದ್ದರು. ಆಮೇಲೆ ಅದೇ ಕೈಯ ಬೆರಳುಗಳು ಮಂಚದ ಪಟ್ಟಿಯ ಮೇಲೆ ಬಡಿಯತೊಡಗಿದವು. ನಿಲ್ಲುತ್ತ, ತಪ್ಪುತ್ತ, ಮತ್ತೆ ಹಿಡಿಯುತ್ತ.

ಬಸ್ಸು ಕಲ್ಲಡ್ಕ ದಾಟಿದ ಮೇಲೆ ಜತ್ತಪ್ಪನವರು ಕೇಳಿದರು: "ಅದು ಎಂತದು ಮೇಡಂ, ಒಳಗೆ ಬಡಿದದ್ದು?"

"ತಾಳ" ಎಂದೆ.

ಅವರು ಕಿಟಕಿಯ ಕಡೆ ತಿರುಗಿಕೊಂಡರು. ಬಿ.ಸಿ. ರೋಡಿನಲ್ಲಿ ಇಳಿಯುವ ತನಕ ಈಚೆ ನೋಡಲಿಲ್ಲ. ಮಳೆಗಾಲ ಹಿಡಿಯುವ ಮೊದಲೇ ರುಖಿಯಮ್ಮ ತೀರಿಕೊಂಡರು.

ಅಲ್ಲಿಂದ ಮುಂದೆ ಜತ್ತಪ್ಪನವರ ಕೆಲಸದ ಕ್ರಮ ಬದಲಾಯಿತು. ಒಂದು ಫೈಲು ಚಿಕ್ಕದಾಯಿತೆಂದರೆ, ಹೆಡ್‌ಫೋನು ಹಾಕಿಕೊಂಡು ಅದನ್ನು ಮೊದಲಿನಿಂದ ಕೊನೆಯವರೆಗೆ, ಕೆಮ್ಮು, ಕೋಳಿಯ ಕೂಗು, ಸುಮ್ಮನಿರುವ ಹೊತ್ತು ಎಲ್ಲವನ್ನೂ ಸೇರಿಸಿ ಕೇಳದೆ, ಅವರು ಮೂಲವನ್ನು ಅಳಿಸಲಿಲ್ಲ. ಬೇರೆಯವರಿಗೆ ಅಳಿಸಲು ಬಿಡಲೂ ಇಲ್ಲ. ಯೋಜನೆ ನಿಧಾನವಾಯಿತೆಂದು ಗೊಣಗಿದವರಿದ್ದರು. ಊಟದ ಬಿಡುವಿನಲ್ಲಿ ಗೋಡೆಗೆ ಮುಖಮಾಡಿ ಕೇಳುತ್ತ ಕೂತಿರುತ್ತಿದ್ದ ಅವರನ್ನು ನಾನು ನಿವೃತ್ತಳಾಗುವ ತನಕ ನೋಡಿದ್ದೇನೆ. ಈಗ ಅವರ ಎಡಗಿವಿ ಮಂದವಾಗಿದೆ. ಹೆಡ್‌ಫೋನಿನಿಂದಲೋ ಪ್ರಾಯದಿಂದಲೋ ನಾನು ಅರಿಯೆ. ಕೇಳಿದರೆ, "ಬಲದ್ದು ಉಂಟಲ್ಲ" ಎನ್ನುತ್ತಾರೆ.

ಕಳೆದ ವರ್ಷ, ನಿವೃತ್ತಿ ಹತ್ತಿರವಾಯಿತೆಂದು ಬಂಟ್ವಾಳದ ತಮ್ಮ ಮನೆಯಲ್ಲಿದ್ದ ಹಳೆಯ ಕಂಪ್ಯೂಟರನ್ನು ಖಾಲಿ ಮಾಡುವ ಮೊದಲು, ತಮ್ಮ ಕ್ರಮದಂತೆ ಅದರಲ್ಲಿದ್ದದ್ದನ್ನೆಲ್ಲ ಕೇಳುತ್ತ ಕೂತಿದ್ದಾಗ, ಅವರಿಗೆ ಒಂದು ಚೂರು ಸಿಕ್ಕಿತು. ವಿಟ್ಲದ ಮೊದಲ ದಿನ, ಪರದೆ ದಾಟಿ ದನಿ ಬರುತ್ತದೋ ಇಲ್ಲವೋ ಎಂದು ನೋಡಲು ತೆಗೆದದ್ದು. ಚಿಕ್ಕದು ಮಾಡುವುದು ಹೇಗೆಂದು ಮನೆಯಲ್ಲಿ ಪ್ರಯೋಗ ಮಾಡಿ ಮರೆತದ್ದು. ಹಾಡಲ್ಲ, ಹಾಡಿಗೆ ಮೊದಲಿನ ಮಾತು.

ಸಜ್ನಾಳ ಮದುವೆ ಗೊತ್ತಾಗಿತ್ತು. ಜತ್ತಪ್ಪನವರು ಸೌದಾರಿಗೆ ಫೋನು ಮಾಡಲು ಹಲವು ದಿನ ಹಿಂಜರಿದರು. ಕೊನೆಗೆ ಫೋನು ಹಿಡಿದು ನಂಬರು ಒತ್ತಿದವಳು ನಾನು.

ಮದರಂಗಿಯ ಸಂಜೆ ಹೋದೆವು. ಹೆಂಗಸರೆಲ್ಲ ಒಳಗೆ, ಗಂಡಸರು ಅಂಗಳದ ಚಪ್ಪರದಲ್ಲಿ. ಜತ್ತಪ್ಪನವರು ಚಪ್ಪರದ ತೀರಾ ಹಿಂದಿನ ಸಾಲಿನಲ್ಲಿ ಕೂತಿದ್ದರು. ಸೌದಾ ಒಳಗಿನಿಂದಲೇ ಗಟ್ಟಿಯಾಗಿ ಹೇಳಿದರು: "ಮಾಸ್ಟ್ರಿಗೆ ಇಲ್ಲಿ ಪರದೆ ಹತ್ತಿರ ಒಂದು ಕುರ್ಚಿ ಹಾಕಿ. ಅದು ಅವರ ಜಾಗ."

ಕುರ್ಚಿ ಎಳೆದ ಸದ್ದು ಕೇಳಿತು. ಸಜ್ನಾ ಮದರಂಗಿ ಹಚ್ಚಿದ ಕೈಗಳನ್ನು ಮುಂದೆ ಚಾಚಿ ಕೂತಿದ್ದಳು. ಸೌದಾ, ಆ ಚೂರನ್ನು ತುಂಬಿಸಿಕೊಂಡಿದ್ದ ಫೋನನ್ನು ಸಣ್ಣ ಸ್ಪೀಕರಿಗೆ ಜೋಡಿಸಿದರು.

"ಮಾಸ್ಟ್ರು ಹೊರಗೆ ಬಿಸಿಲಲ್ಲಿ ಕೂತಿದ್ದಾರಾ?" ಎಂದರು ರುಖಿಯಮ್ಮ.

"ಇಲ್ಲ ಅಮ್ಮ, ನೆರಳುಂಟು. ನೀವು ಹಾಡಿ. ನಾನು ಇಲ್ಲೇ ಇದ್ದೇನೆ."

"ಎಂತ ಅವಸರ ಇವರಿಗೆ. ಟೀಚರ್ ಚಾಯ ಕುಡಿದಾಗಲಿಲ್ಲ."

ಆಮೇಲೆ ಲೋಟ ಕೆಳಗಿಟ್ಟ ಸದ್ದು. ರುಖಿಯಮ್ಮ ಗಂಟಲು ಸರಿಮಾಡಿಕೊಂಡರು, ಉಸಿರು ತೆಗೆದುಕೊಂಡರು. ಅಲ್ಲಿಗೆ ಮುಗಿಯಿತು.

ಯಾರಾದರೂ ಮುಂದಿನ ಸಾಲು ಎತ್ತಿಕೊಂಡಾರೆಂದು ನಾನು ಒಬ್ಬೊಬ್ಬರ ಮುಖ ನೋಡಿದೆ. ಯಾರಿಗೂ ಬರುತ್ತಿರಲಿಲ್ಲ. ಸಜ್ನಾ ಕೈ ಕದಲಿಸದೆ, ತಲೆ ಮಾತ್ರ ಎತ್ತಿ, "ಇನ್ನೊಮ್ಮೆ ಹಾಕಿ ಉಮ್ಮ" ಎಂದಳು. ಇನ್ನೊಮ್ಮೆ ಹಾಕಿದರು. ಆಮೇಲೆ ಯಾರೋ ನನ್ನ ಕೈಗೆ ಚಾಯದ ಲೋಟ ಕೊಟ್ಟು, "ಕುಡಿಯಿರಿ ಟೀಚರ್, ಇಲ್ಲದಿದ್ದರೆ ಅಜ್ಜಿ ಹಾಡುವುದಿಲ್ಲ" ಎಂದರು. ಕೆಲವರು ನಕ್ಕರು. ಸೌದಾ ಇನ್ನೊಂದು ಲೋಟವನ್ನು ಪರದೆಯ ಅಡಿಯಿಂದ ಹೊರಗೆ ಸರಿಸಿದ್ದನ್ನು ನಾನು ನೋಡಿದೆ.

ಕಳೆದದ್ದು ಕಳೆದೇ ಹೋಗಿದೆ. ಸನ್ಮಾನದ ನೆಪದಲ್ಲಿ ಅದನ್ನು ಸಣ್ಣದು ಮಾಡಿ ತೋರಿಸಲು ನಾನು ಹೊರಟಿಲ್ಲ, ಜತ್ತಪ್ಪನವರು ಅದನ್ನು ಒಪ್ಪುವವರೂ ಅಲ್ಲ. ಇನ್ನೂ ಕೇಳಿ ಮುಗಿಸದ ಡಿಸ್ಕುಗಳನ್ನು ಕಾಲೇಜಿನ ಒಪ್ಪಿಗೆ ಪಡೆದು ಅವರು ಬಂಟ್ವಾಳದ ಮನೆಗೆ ಸಾಗಿಸಿದ್ದಾರೆ. ಆಗಾಗ ನಾನೂ ಹೋಗಿ ಅವರ ಎಡಬದಿಗೆ ಕೂರುತ್ತೇನೆ. ಅವರಿಗೆ ಕೇಳಿಸದ್ದನ್ನು ನಾನು ಹೇಳುತ್ತೇನೆ, ನನಗೆ ಕಾಣಿಸದ್ದನ್ನು ಅವರು ಹೇಳುತ್ತಾರೆ. ಆ ಡಿಸ್ಕುಗಳು ಮುಗಿಯುವ ತನಕವಾದರೂ ಅವರ ಬಲಗಿವಿ ಗಟ್ಟಿಯಾಗಿರಲಿ, ಅವರ ಆಯುಷ್ಯ ಆ ಡಿಸ್ಕುಗಳಿಗಿಂತ ಬಹಳ ಉದ್ದವಾಗಿರಲಿ. ಇಷ್ಟು ಜನರ ದನಿಯನ್ನು ಕಾದಿಟ್ಟ ಅವರದೇ ದನಿ ಎಲ್ಲಿದೆಯೆಂದು ಹುಡುಕಿದರೆ, ನನಗೆ ತಿಳಿದ ಮಟ್ಟಿಗೆ, ಅದು ಆ ಒಂದು ಚೂರಿನಲ್ಲಿ ಮಾತ್ರ ಇದೆ: "ನಾನು ಇಲ್ಲೇ ಇದ್ದೇನೆ." ಆ ಮಾತನ್ನು ಡಿಸ್ಕಿನಿಂದಲ್ಲ, ಅವರ ಬಾಯಿಂದಲೇ, ನಾವೆಲ್ಲ ಇನ್ನೂ ಬಹುಕಾಲ ಕೇಳುವಂತಾಗಲಿ.