ತಪ್ಪಾಗಿ ಬರೆದ ಮುಖ

ಚಿತ್ರಕಲಾ ಶಾಲೆಯಲ್ಲಿ ಆಕೆಯನ್ನು ಎಲ್ಲರೂ ಕುರ್ಚಿ ಅಕ್ಕ ಎನ್ನುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಅಲ್ಲಿ ಕಸ ಗುಡಿಸಲು ಸೇರಿದವಳು. ಚಿತ್ರ ಬರೆಸಿಕೊಳ್ಳಲು ಕೂರುತ್ತಿದ್ದ ಹೆಂಗಸು ಒಮ್ಮೆ ಕೈಕೊಟ್ಟಾಗ ಮೇಷ್ಟ್ರು, "ಸ್ವಲ್ಪ ಹೊತ್ತು ಇಲ್ಲಿ ಕೂತ್ಕೋಮ್ಮ" ಎಂದರು. ಅಲ್ಲಿಂದ ಅದೇ ಕೆಲಸವಾಯಿತು. ಮೂಗಿನ ಮೇಲೆ ನೊಣ ಕೂತರೂ ಮಿಸುಕದೆ ಕೂರುವುದು.

ಬಿಡುವಿನಲ್ಲಿ ಬೆನ್ನು ನೀವಿಕೊಳ್ಳುತ್ತಾ ಒಂದೊಂದು ಚಿತ್ರದ ಮುಂದೂ ನಿಲ್ಲುವಳು. ಹಳೆಯ ಕಾಲದ ಒಬ್ಬ ಚಿತ್ರಕಾರ ಕಿಟಕಿಯ ಬೆಳಕಿನಲ್ಲೇ ಮುಖ ಅರಳಿಸುತ್ತಿದ್ದ, ಆಮೇಲಿನವನೊಬ್ಬ ಬರೀ ಚುಕ್ಕೆಗಳಿಂದ ಕೆನ್ನೆ ತುಂಬುತ್ತಿದ್ದ, ಮತ್ತೊಬ್ಬ ಮುಖವನ್ನೇ ಒಡೆದು ತುಂಡು ತುಂಡಾಗಿ ಜೋಡಿಸಿದ ಎಂದು ಮೇಷ್ಟ್ರು ಪುಸ್ತಕ ತೆರೆದು ತೋರಿಸುತ್ತಿದ್ದರು. ಹುಡುಗರಿಗೆ ವಾರಕ್ಕೊಬ್ಬನ ಹುಚ್ಚು.

"ನನ್ನ ಮೂಗೆಲ್ಲಿ ಬಿಟ್ಟೆಯಪ್ಪಾ?"

"ಕಿವಿ ಪಕ್ಕ ಇದೆ ನೋಡಿ ಅಕ್ಕಾ."

"ಸರಿ ಬಿಡು, ನೆಗಡಿಯಾದ್ರೆ ಹುಡುಕ್ಕೊಳ್ತೀನಿ."

ಸಂಜೆಯ ತರಗತಿಗೆ ನಿವೃತ್ತ ಬಸ್ ಡ್ರೈವರ್ ಒಬ್ಬರು ಬರುತ್ತಿದ್ದರು. ಕೈ ತೀರಾ ಒರಟು. ಯಾರನ್ನು ಬರೆದರೂ ಕೆನ್ನೆ ಜೋತುಬೀಳುತ್ತಿತ್ತು, ರೆಪ್ಪೆ ಭಾರವಾಗುತ್ತಿತ್ತು, ಎಳೆಯರೂ ಮುದುಕರಾಗುತ್ತಿದ್ದರು. ಅವರು ಬರೆದ ತನ್ನ ಚಿತ್ರದ ಮುಂದೆ ಒಂದು ಸಂಜೆ ಕುರ್ಚಿ ಅಕ್ಕ ಕಾಲು ಕಿತ್ತಿಡಲಾರದೆ ನಿಂತುಬಿಟ್ಟಳು.

ಅದು ಅವಳ ಅಮ್ಮ.

ಅಮ್ಮನದೊಂದು ಫೋಟೋ ಕೂಡ ಮನೆಯಲ್ಲಿರಲಿಲ್ಲ. ಆ ಮುಖ ಮಾಸುತ್ತಾ ಮಾಸುತ್ತಾ ಈಚೆಗೆ ಕಣ್ಣು ಮುಚ್ಚಿದರೂ ಮೂಡುತ್ತಿರಲಿಲ್ಲ. ಈಗ ಹಸಿ ಬಣ್ಣದಲ್ಲಿ, ದುಡಿದು ಬಂದು ಬಾಗಿಲಿಗೊರಗಿ ಕೂರುತ್ತಿದ್ದಾಗಿನ ಅದೇ ದಣಿದ ಕೆನ್ನೆ, ಊಟ ಆಯ್ತಾ ಎಂದು ಕೇಳಲು ಹೊರಟ ಅದೇ ಬಾಯಿ.

ಚಿತ್ರ ಕೊಡಿ ಎಂದು ಕೇಳಲು ಸಂಕೋಚ. ಗೋಡೆಗೊರಗಿಸಿಟ್ಟಿದ್ದಾರಲ್ಲ, ಎಲ್ಲಿಗೆ ಹೋಗುತ್ತದೆ ಎಂದು ದಿನವೂ ನೋಡಿಕೊಂಡು ಬರುತ್ತಿದ್ದಳು. ದೀರ್ಘ ರಜೆ ಮುಗಿಸಿ ಬಂದರೆ ಆ ಜಾಗದಲ್ಲಿ ಒಂದು ನೀಲಿ ಹೂಜಿಯ ಚಿತ್ರ.

"ನಿಮ್ಮನ್ನ ಮುದುಕಿ ಮಾಡಿಬಿಟ್ಟಿದ್ದೆ, ನಾಚಿಕೆಯಾಯ್ತು. ಅದರ ಮೇಲೇ ಇದನ್ನ ಬರೆದೆ" ಎಂದರು ಡ್ರೈವರ್.

ಅದರಲ್ಲಿ ತನ್ನ ಅಮ್ಮ ಇದ್ದಳೆಂದು ಆಕೆ ಹೇಳಿದ ಮೇಲೆ ಅವರು ಪೆಚ್ಚಾಗಿ, ಮತ್ತೆ ಬರೆದುಕೊಡುತ್ತೇನೆಂದು ಕೂರಿಸಿದರು. ಆದರೆ ರಜೆಯಲ್ಲಿ ಮೇಷ್ಟ್ರ ಮನೆಗೇ ಹೋಗಿ ಕೈ ತಿದ್ದಿಸಿಕೊಂಡಿದ್ದರು. ಕೆನ್ನೆ ಇದ್ದಲ್ಲೇ ಇರುತ್ತಿತ್ತು, ಕಣ್ಣು ಕಣ್ಣಿನಷ್ಟೇ ಇರುತ್ತಿತ್ತು.

"ಚೆನ್ನಾಗಿ ಬರೀಬೇಡಿ ಅಣ್ಣಾ. ಮೊದಲಿನ ಹಾಗೇ ತಪ್ಪಾಗಿ ಬರೀರಿ."

"ಅದೇ ಬರ್ತಿಲ್ಲಮ್ಮಾ. ಕಲಿಯೋಕೆ ಒದ್ದಾಡಿದ್ದಾಯ್ತು, ಈಗ ಮರೆಯೋಕೆ ಒದ್ದಾಡ್ತಿದೀನಿ."

ಎಡಗೈಯಲ್ಲೂ ಬರೆದು ನೋಡಿದರು. ಮೀಸೆಯಿಲ್ಲದ ಪೊಲೀಸನೊಬ್ಬ ಮೂಡಿದ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಂತ ಮೇಲೂ ಆಕೆ ಕಣ್ಣೊರೆಸಿಕೊಳ್ಳುತ್ತಲೇ ಇದ್ದಳು.

ಕೊನೆಗೆ ಅವರು ಕೊಟ್ಟ ಚಿತ್ರ ಚೆನ್ನಾಗಿಯೇ ಇತ್ತು. ಮನೆಗೆ ಬಂದ ತಂಗಿ, "ಥೇಟ್ ನೀನೇ ಕಣೇ ಅಕ್ಕಾ!" ಎಂದಳು.

"ಅಮ್ಮನ ಛಾಯೆ ಒಂಚೂರಾದ್ರೂ ಇದೆಯಾ?"

ತಂಗಿ ಹತ್ತಿರ ಹೋಗಿ ನೋಡಿದಳು, ದೂರ ನಿಂತು ನೋಡಿದಳು. "ಅಮ್ಮನ ಮುಖ ನನಗೆ ನೆನಪೇ ಬರಲ್ಲ ಕಣೇ."

ಕುರ್ಚಿ ಅಕ್ಕ ತನ್ನ ಕೆನ್ನೆಗಳನ್ನು ಬೆರಳಿಂದ ಕೆಳಗೆಳೆದು, ರೆಪ್ಪೆ ಇಳಿಬಿಟ್ಟು, "ಹೀಗೆ ನೋಡು, ಹೀಗಿದ್ಲು" ಎಂದು ತೋರಿಸಿದಳು. ತಂಗಿ ಬಹಳ ಹೊತ್ತು ನೋಡಿ, "ಇರಬಹುದೇನೋ" ಎಂದಳು.

ಆಮೇಲೆ ಇಬ್ಬರೂ ಅಮ್ಮನ ದನಿಯ ಮಾತಾಡುತ್ತಾ ಕೂತರು. ಅದೊಂದು ಇಬ್ಬರಿಗೂ ಒಂದೇ ಥರ ನೆನಪಿತ್ತು.